ಸಂಪರ್ಕ ಮತ್ತು ಘರ್ಷಣೆಯ ಸಿಮ್ಯುಲೇಶನ್: ಯಾವ ಕೆಲಸಕ್ಕೆ ಯಾವ ವಿಧಾನ?

ರೋಬಾಟಿನ ಹಿಡಿಕೆಯನ್ನು ವಿನ್ಯಾಸ ಮಾಡುವವರು, ಬ್ರೇಕು ಮತ್ತು ಕ್ಲಚ್ಚುಗಳ ವಿಶ್ಲೇಷಣೆ ಮಾಡುವವರು, ಹಾಪರಿನಿಂದ (ಆಲಿಕೆಯಾಕಾರದ ತೊಟ್ಟಿಯಿಂದ) ಕಾಳು ಇಳಿಯುವ ರೀತಿಯನ್ನು ಪ್ರಾಜೆಕ್ಟ್ ವಿಷಯವಾಗಿ ಎತ್ತಿಕೊಂಡ ಎಂ.ಟೆಕ್. ವಿದ್ಯಾರ್ಥಿಗಳು, ಹೀಗೆ ಬೇರೆ ಬೇರೆ ಕಡೆಯಿಂದ ಹೊರಟವರು ಒಂದು ಹಂತದಲ್ಲಿ ಒಂದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ. ಎರಡು ಭಾಗಗಳು ಮುಟ್ಟುವ, ಕಚ್ಚಿ ನಿಲ್ಲುವ, ಜಾರುವ ಮತ್ತು ಬಿಟ್ಟು ಹೋಗುವ ಕ್ರಿಯೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಸಂಪರ್ಕವನ್ನು ಸ್ಪ್ರಿಂಗಿನಂತೆ ಭಾವಿಸುವ ಪೆನಾಲ್ಟಿ ವಿಧಾನ ಸಾಕೇ, ಪೂರಕತಾ ನಿಯಮಗಳನ್ನು ನೇರವಾಗಿ ಬಿಡಿಸುವ ಟೈಮ್ ಸ್ಟೆಪಿಂಗ್ ವಿಧಾನ ಬೇಕೇ, ಇಲ್ಲವೇ ದುಬಾರಿಯಾದರೂ ಕಾಯವನ್ನು ಸಣ್ಣ ಸಣ್ಣ ತುಣುಕುಗಳಾಗಿ (ಎಲಿಮೆಂಟು) ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನಕ್ಕೇ ಹೋಗಬೇಕೇ? ಸಾಫ್ಟ್‌ವೇರ್ ಕೈಪಿಡಿಗಳು ತಮ್ಮ ವಿಧಾನವನ್ನು ಚೆನ್ನಾಗಿಯೇ ವಿವರಿಸುತ್ತವೆ, ಆದರೆ ಅದನ್ನು ಯಾವಾಗ ಬಳಸಬಾರದು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ಸಾಧ್ಯವಾಗಬೇಕಾದರೆ ಪ್ರತಿಯೊಂದು ವಿಧಾನವೂ ಯಾವುದೋ ಒಂದು ಭೌತನಿಯಮವನ್ನು ಸ್ವಲ್ಪ ಸಡಿಲಿಸಲೇಬೇಕು. ಹಾಗೆ ಸಡಿಲಗೊಂಡ ನಿಯಮದ ಮೇಲೆ ನಿಮಗೆ ಬೇಕಾದ ಉತ್ತರ ನಿಂತಿದೆಯೇ ಎಂದು ನೋಡಿ ಆಯ್ಕೆ ಮಾಡಬೇಕು; ವೇಗ, ಬೆಲೆ ಮತ್ತು ಜನಪ್ರಿಯತೆ ಆಮೇಲಿನ ಮಾತು.

ತೊಡಕು ಎಲ್ಲಿದೆ

ಸಂಪರ್ಕದ ನಿಯಮ ಹೇಳಲು ಸುಲಭ. ಎರಡು ಕಾಯಗಳ ನಡುವಿನ ಅಂತರ ಸೊನ್ನೆಗಿಂತ ಕಡಿಮೆಯಾಗಬಾರದು. ಲಂಬ ಬಲ ತಳ್ಳಬಹುದೇ ಹೊರತು ಎಳೆಯಬಾರದು. ಅಂತರವಿದ್ದಾಗ ಬಲವಿಲ್ಲ, ಬಲವಿದ್ದಾಗ ಅಂತರವಿಲ್ಲ. ಪೂರಕತಾ ನಿಯಮ ಎಂದರೆ ಇದೇ. ಸ್ಥಿತಿಸ್ಥಾಪಕ ಕಾಯಗಳಿಗೆ ಸಂಬಂಧಿಸಿ ಇದನ್ನು 1933ರಲ್ಲಿ ಗಣಿತದ ಸಮಸ್ಯೆಯಾಗಿ ಮುಂದಿಟ್ಟವರು ಇಟಲಿಯ ಆಂಟೋನಿಯೋ ಸಿನ್ಯೊರಿನಿ. ಘರ್ಷಣೆಗೆ 1785ರಲ್ಲಿ ಪ್ರಕಟವಾದ ಕೂಲಂಬ್ ನಿಯಮವಿದೆ. ಕಾಯ ಜಾರುತ್ತಿದ್ದರೆ ಘರ್ಷಣಾ ಬಲವು ಲಂಬ ಬಲವನ್ನು ಘರ್ಷಣಾ ಗುಣಾಂಕದಿಂದ ಗುಣಿಸಿದಷ್ಟಿದ್ದು ಜಾರುವಿಕೆಗೆ ಎದುರು ದಿಕ್ಕಿನಲ್ಲಿರುತ್ತದೆ; ಜಾರದೆ ನಿಂತಿದ್ದರೆ ಆ ಮಿತಿಯೊಳಗೆ ಎಷ್ಟು ಬೇಕೋ ಅಷ್ಟೇ ಇರುತ್ತದೆ. ಈ ಕೊನೆಯ ಮಾತಿನಲ್ಲೇ ಎಲ್ಲ ಕಷ್ಟವೂ ಅಡಗಿದೆ. ವೇಗ ಸೊನ್ನೆಯಾಗಿದ್ದಾಗ ಬಲ ಎಷ್ಟೆಂಬುದಕ್ಕೆ ನೇರ ಸೂತ್ರವಿಲ್ಲ, ಇಡೀ ವ್ಯವಸ್ಥೆಯ ಸಮತೋಲನವನ್ನು ಬಿಡಿಸಿದ ಮೇಲಷ್ಟೇ ಅದು ತಿಳಿಯುತ್ತದೆ. ಸ್ಥಾನ ಮತ್ತು ವೇಗವನ್ನು ಕೊಟ್ಟರೆ ಬಲ ಸಿಕ್ಕೇ ಸಿಗುತ್ತದೆ ಎಂದು ನಂಬಿ ಬರೆದ ಸಾಮಾನ್ಯ ಅವಕಲ ಸಮೀಕರಣದ ಪ್ರೋಗ್ರಾಮುಗಳು ಇಲ್ಲಿ ಕೈಚೆಲ್ಲುತ್ತವೆ.

ಕಾಯಗಳು ಸಂಪೂರ್ಣ ದೃಢವೆಂದು ಭಾವಿಸಿದರೆ ಇನ್ನೂ ಆಳದ ಸಮಸ್ಯೆ ಎದುರಾಗುತ್ತದೆ. ಒರಟು ನೆಲದ ಮೇಲೆ ಓರೆಯಾಗಿ ಜಾರುವ ಸರಳಿಗೆ ಕೆಲವು ಭಂಗಿಗಳಲ್ಲಿ ಸಂಪರ್ಕ ಬಲದ ಉತ್ತರವೇ ಇರುವುದಿಲ್ಲ ಅಥವಾ ಒಂದಕ್ಕಿಂತ ಹೆಚ್ಚು ಉತ್ತರಗಳಿರುತ್ತವೆ ಎಂದು ಫ್ರಾನ್ಸಿನ ಪಾಲ್ ಪೆನ್‌ಲೆವೆ 1895ರಲ್ಲಿ ತೋರಿಸಿದರು. ಏಕರೂಪದ ಸರಳಿನಲ್ಲಿ ಇದು ಘರ್ಷಣಾ ಗುಣಾಂಕ 4/3ನ್ನು ದಾಟಿದಾಗ ಕಾಣಿಸುತ್ತದೆ. ಕರಿಹಲಗೆಯ ಮೇಲೆ ಸೀಮೆಸುಣ್ಣವನ್ನು ಮುಂದಕ್ಕೆ ದೂಡುತ್ತ ಗೆರೆ ಎಳೆದರೆ ಅದು ಕುಪ್ಪಳಿಸಿ ಚುಕ್ಕೆಗಳ ಸಾಲು ಬಿಡುವುದನ್ನು ಇದರ ನಿದರ್ಶನವಾಗಿ ಕೊಡುವುದುಂಟು. ಇದು ಬರಿಯ ಗಣಿತದ ಕುತೂಹಲವಲ್ಲ; ಬಿಗಿಯಾಗಿ ಒತ್ತಿ ಹಿಡಿದ ಕಾರ್ಯವಿಧಾನಗಳಲ್ಲಿ, ಗುಣಾಂಕ ಅಷ್ಟು ದೊಡ್ಡದಿಲ್ಲದಿದ್ದರೂ, ಇದೇ ಬಗೆಯ ಸಿಲುಕು ಉಂಟಾಗಬಹುದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ನಿಮಗೆ ಬೇಕಾಗಿರುವ ಉತ್ತರ ಯಾವುದು ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಭಾಗ ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ಚಲನೆಯಷ್ಟೇ ಸಾಕೇ, ಒಂದೊಂದು ಸಂಪರ್ಕದ ಬಲ ಬೇಕೇ, ಮೇಲ್ಮೈಯಲ್ಲಿ ಒತ್ತಡ ಹರಡಿರುವ ರೀತಿ ಬೇಕೇ, ಅಥವಾ ಸಾವಿರಾರು ಕಣಗಳ ಒಟ್ಟಾರೆ ಹರಿವು ಬೇಕೇ? ನಾಲ್ಕು ಕಾಲಿನ ಮೇಜನ್ನು ದೃಢ ಕಾಯವೆಂದು ಭಾವಿಸಿದರೆ ಒಂದೊಂದು ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ, ಸಮತೋಲನದ ಸಮೀಕರಣಗಳಿಗೆ ಅನಂತ ಉತ್ತರಗಳಿವೆ. ದೃಢ ಕಾಯದ ಪ್ರೋಗ್ರಾಮು ಅವುಗಳಲ್ಲಿ ಒಂದನ್ನು ಕೊಡುತ್ತದೆ. ಯಾವುದನ್ನು ಎಂಬುದು ಲೆಕ್ಕ ಎಲ್ಲಿಂದ ಶುರುವಾಯಿತು ಎಂಬುದರ ಮೇಲೂ ನಿಂತಿರಬಹುದು. ಮೇಜಿನ ಚಲನೆ ಸರಿಯಾಗಿಯೇ ಬರುತ್ತದೆ, ಕಾಲಿನ ಬಲವನ್ನು ಮಾತ್ರ ನಂಬುವಂತಿಲ್ಲ. ಆ ಬಲವನ್ನೇ ನೆಚ್ಚಿ ಬೋಲ್ಟಿನ ಗಾತ್ರ ನಿರ್ಧರಿಸುವವರಿದ್ದರೆ ಇಲ್ಲಿಯೇ ನಿಂತು ಯೋಚಿಸಬೇಕು.

ಎರಡನೆಯದಾಗಿ, ಯಾವುದಾದರೂ ಭಾಗ ಬಹಳ ಹೊತ್ತು ಜಾರದೆ ನಿಂತಿರಬೇಕೇ? ಹಿಡಿಕೆಯಲ್ಲಿನ ವಸ್ತು, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ, ಸ್ವಯಂ ಬೀಗ ಹಾಕಿಕೊಳ್ಳುವ ವರ್ಮ್ ಗೇರು ಇಂಥವು. ಮೂರನೆಯದು ಪ್ರಮಾಣ: ಒಮ್ಮೆಗೆ ಎಷ್ಟು ಸಂಪರ್ಕ, ಎಷ್ಟು ಸೆಕೆಂಡಿನ ಚಲನೆ, ಎಷ್ಟು ಸಲ ಓಡಿಸಬೇಕು. ಒಂದೇ ಸಲ ಓಡಿಸುವ ವಿಶ್ಲೇಷಣೆ ರಾತ್ರಿಯಿಡೀ ನಡೆದರೂ ನಷ್ಟವಿಲ್ಲ; ರೋಬಾಟಿಗೆ ಕಲಿಸಲು ಲಕ್ಷಾಂತರ ಸಲ ಓಡಿಸಬೇಕಾದಲ್ಲಿ ಅದೇ ವಿಧಾನ ಕೆಲಸಕ್ಕೆ ಬಾರದು. ನಾಲ್ಕನೆಯದು ನಿಮ್ಮ ಕೈಯಲ್ಲಿರುವ ದತ್ತಾಂಶ. ಒಣ ಉಕ್ಕಿನ ಮೇಲಿನ ಉಕ್ಕಿಗೂ ಎಣ್ಣೆ ಸವರಿದ ಉಕ್ಕಿಗೂ ಘರ್ಷಣಾ ಗುಣಾಂಕದಲ್ಲಿ ಹಲವು ಪಟ್ಟು ವ್ಯತ್ಯಾಸವಿದೆ. ಅದನ್ನು ಅಳೆಯದೆ ಕೋಷ್ಟಕದಿಂದ ಎತ್ತಿಕೊಂಡವರು ಶೇಕಡಾ ಒಂದರ ನಿಖರತೆಯ ವಿಧಾನಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ, ಆ ದುಡ್ಡಿನಲ್ಲಿ ಒಂದು ಸರಳ ಅಳತೆಯ ವ್ಯವಸ್ಥೆ ಮಾಡಿಕೊಳ್ಳುವುದು ಮೇಲು. ಲೈಸೆನ್ಸಿನ ಖರ್ಚು ಕೊನೆಯಲ್ಲಿ ಬರುತ್ತದೆ. ಉಚಿತ ಸಾಫ್ಟ್‌ವೇರಿಗೆ ಹಣ ಬೇಡವಾದರೂ ಅದನ್ನು ಕಲಿತು ಕಾಪಾಡಿಕೊಂಡು ಹೋಗುವ ಮನುಷ್ಯ ಬೇಕೆಂಬುದನ್ನು ಆ ಲೆಕ್ಕಕ್ಕೇ ಸೇರಿಸಬೇಕು.

ಪೆನಾಲ್ಟಿ ವಿಧಾನ

ಇಲ್ಲಿ ಸಡಿಲಗೊಳ್ಳುವುದು ಒಳಗೆ ನುಸುಳಬಾರದೆಂಬ ನಿಯಮ. ಕಾಯಗಳು ಪರಸ್ಪರ ಒಂದಿಷ್ಟು ಒಳನುಸುಳಲು ಬಿಟ್ಟು, ನುಸುಳಿದ ಆಳಕ್ಕೆ ತಕ್ಕಂತೆ ಸ್ಪ್ರಿಂಗು ಮತ್ತು ಡ್ಯಾಂಪರಿನಿಂದ (ವೇಗವನ್ನು ತಡೆಯುವ ಅಂಗದಿಂದ) ಹೊರದಬ್ಬಲಾಗುತ್ತದೆ. ಎರಡು ಸ್ಥಿತಿಸ್ಥಾಪಕ ಗೋಳಗಳ ನಡುವಿನ ಬಲ ಆಳದ ಒಂದೂವರೆ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂದು ಹರ್ಟ್ಜ್ 1882ರಲ್ಲೇ ತೋರಿಸಿದ್ದರು. ಮುಟ್ಟಿದ ಕ್ಷಣದಲ್ಲೇ ಡ್ಯಾಂಪರಿನ ಬಲ ಥಟ್ಟನೆ ಮೇಲೇಳುವ ದೋಷ ಬಹುಕಾಲ ಉಳಿದಿತ್ತು. 1975ರಲ್ಲಿ ಹಂಟ್ ಮತ್ತು ಕ್ರಾಸ್ಲಿ ಡ್ಯಾಂಪಿಂಗನ್ನೂ ಆಳಕ್ಕೆ ಜೋಡಿಸಿ ಅದನ್ನು ನಿವಾರಿಸಿದರು. ಆಡಮ್ಸ್‌ನಂಥ ಬಹುಕಾಯ ಸಾಫ್ಟ್‌ವೇರುಗಳಲ್ಲಿ ಸಂಪರ್ಕವೆಂದರೆ ಹೆಚ್ಚಾಗಿ ಈ ಜಾತಿಯದೇ.

ಇದರ ದೊಡ್ಡ ಗುಣವೆಂದರೆ ಬಲಕ್ಕೆ ಒಂದೇ ಉತ್ತರ ಸಿಗುತ್ತದೆ. ಮೇಜಿನ ನಾಲ್ಕು ಕಾಲುಗಳ ಭಾರ, ಸಾಲಾಗಿ ತೂಗುಹಾಕಿದ ಗುಂಡುಗಳ ಮೂಲಕ ಹಾದುಹೋಗುವ ಪೆಟ್ಟು, ಇವೆಲ್ಲವೂ ಸ್ಟಿಫ್‌ನೆಸ್ (ಸ್ಪ್ರಿಂಗಿನ ಬಿಗಿತ) ಸರಿಯಾಗಿದ್ದರೆ ಸರಿಯಾಗಿ ಬರುತ್ತವೆ. ಪ್ರೋಗ್ರಾಮು ಬರೆಯುವುದೂ ಸುಲಭ. ಬೆಲೆ ತೆರಬೇಕಾದದ್ದು ಟೈಮ್ ಸ್ಟೆಪ್ಪಿನಲ್ಲಿ, ಅಂದರೆ ಲೆಕ್ಕ ಒಮ್ಮೆಗೆ ಮುಂದಕ್ಕಿಡುವ ಕಾಲದ ಹೆಜ್ಜೆಯಲ್ಲಿ. 1 ಕಿಲೋಗ್ರಾಂ ಭಾಗವೊಂದು ಮೀಟರಿಗೆ 10 ಲಕ್ಷ ನ್ಯೂಟನ್ ಸ್ಟಿಫ್‌ನೆಸ್ಸಿನ ಸ್ಪ್ರಿಂಗಿನ ಮೇಲೆ ಕೂತರೆ ತನ್ನ ತೂಕಕ್ಕೆ ಸುಮಾರು 0.01 ಮಿ.ಮೀ. ಇಳಿಯುತ್ತದೆ, ಅದು ತೊಂದರೆಯೇನಲ್ಲ. ಆದರೆ ಅದು ಬಿದ್ದು ಪುಟಿಯುವಾಗ ಸಂಪರ್ಕ ಇರುವುದು ಬರೀ 3 ಮಿಲಿಸೆಕೆಂಡು. ಆ ಅವಧಿಯನ್ನು ಇಪ್ಪತ್ತು ಮೂವತ್ತು ಭಾಗ ಮಾಡಿದರಷ್ಟೇ ಪುಟಿತ ಸರಿಯಾಗಿ ಬರುತ್ತದೆ, ಅಂದರೆ ಟೈಮ್ ಸ್ಟೆಪ್ 0.1 ಮಿಲಿಸೆಕೆಂಡಿನ ಹತ್ತಿರ ಇರಬೇಕು. ಸ್ಟಿಫ್‌ನೆಸ್ಸನ್ನು ನೂರು ಪಟ್ಟು ಏರಿಸಿದರೆ ಟೈಮ್ ಸ್ಟೆಪ್ ಹತ್ತು ಪಟ್ಟು ಇಳಿಯುತ್ತದೆ. ಸ್ಟಿಫ್‌ನೆಸ್ಸನ್ನು ವಸ್ತುವಿನ ಗುಣದಿಂದ ಪಡೆಯದೆ ಲೆಕ್ಕ ಬೇಗ ಮುಗಿಯಲೆಂದು ಇಳಿಸುತ್ತ ಹೋಗುವ ಅಭ್ಯಾಸ ವ್ಯಾಪಕವಾಗಿದೆ. ಹಾಗೆ ಮಾಡಿದವರು ವರದಿಯಲ್ಲಿ ಸಂಪರ್ಕ ಬಲದ ಶಿಖರ ಮೌಲ್ಯವನ್ನು ಕೊಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಏಕೆಂದರೆ ಆ ಮೌಲ್ಯ ಯಂತ್ರದ್ದಾಗಿರುವುದಿಲ್ಲ, ಅವರು ಆರಿಸಿದ ಸ್ಪ್ರಿಂಗಿನದ್ದಾಗಿರುತ್ತದೆ.

ಘರ್ಷಣೆಯಲ್ಲಿ ಅಡಗಿರುವ ದೋಷ ಇದಕ್ಕಿಂತ ಸೂಕ್ಷ್ಮ. ಸೊನ್ನೆ ವೇಗದಲ್ಲಿ ಬಲ ನೆಗೆಯುವುದನ್ನು ತಪ್ಪಿಸಲು ಬಹಳಷ್ಟು ಸಾಫ್ಟ್‌ವೇರುಗಳು ಒಂದು ಚಿಕ್ಕ ಮಿತಿವೇಗದವರೆಗೆ ಘರ್ಷಣಾ ಬಲವನ್ನು ವೇಗಕ್ಕೆ ಅನುಪಾತದಲ್ಲಿ ಏರಿಸುತ್ತವೆ. ಇದರ ಪರಿಣಾಮವನ್ನು ಹತ್ತಿರದಿಂದ ನೋಡೋಣ. ಘರ್ಷಣಾ ಗುಣಾಂಕ 0.5, ಇಳಿಜಾರಿನ ಕೋನದ ಟ್ಯಾಂಜೆಂಟು 0.3, ಮಿತಿವೇಗ ಸೆಕೆಂಡಿಗೆ 1 ಮಿ.ಮೀ. ಎಂದಿಟ್ಟುಕೊಂಡರೆ ಅಲುಗದೆ ನಿಲ್ಲಬೇಕಾದ ಮರದ ತುಂಡು ಸೆಕೆಂಡಿಗೆ 0.6 ಮಿ.ಮೀ. ವೇಗದಲ್ಲಿ ತೆವಳುತ್ತಲೇ ಇರುತ್ತದೆ. ವಾಲ್ವಿನ ಬಡಿತ ಅಥವಾ ಡಿಕ್ಕಿಯಂಥ ಅರೆಕ್ಷಣದ ವಿಶ್ಲೇಷಣೆಯಲ್ಲಿ ಇದು ಲೆಕ್ಕಕ್ಕೇ ಬಾರದು. ಒಂದು ಗಂಟೆ ಓಡಿಸಿದರೆ ತುಂಡು 2 ಮೀಟರಿಗೂ ಹೆಚ್ಚು ಕೆಳಗಿರುತ್ತದೆ. ಮಿತಿವೇಗವನ್ನು ಇಳಿಸಿದರೆ ತೆವಳುವುದು ಕಡಿಮೆಯಾಗುತ್ತದೆ, ಆದರೆ ಸಮೀಕರಣಗಳು ಪೆಡಸಾಗಿ ಲೆಕ್ಕ ನಿಧಾನವಾಗುತ್ತದೆ.

ಇದಕ್ಕೆ ಒಳ್ಳೆಯ ಪರಿಹಾರ ಕಂಡವರು ಕುಂಡಾಲ್ ಮತ್ತು ಸ್ಟ್ರಾಕ್. ಮರಳು, ಕಾಳುಗಳ ಒಂದೊಂದು ಕಣವನ್ನೂ ಬೇರೆಯಾಗಿ ಲೆಕ್ಕ ಹಾಕುವ ಕಣಗಳ ವಿಧಾನವನ್ನು ಪರಿಚಯಿಸಿದ 1979ರ ಪ್ರಬಂಧದಲ್ಲಿ ಅವರು ಜಾರುವ ದಿಕ್ಕಿನಲ್ಲೂ ಒಂದು ಸ್ಪ್ರಿಂಗನ್ನು ಇಟ್ಟು, ಅದರ ಎಳೆತವನ್ನು ನೆನಪಿನಲ್ಲಿಟ್ಟುಕೊಂಡು, ಬಲ ಕೂಲಂಬ್ ಮಿತಿಯನ್ನು ಮುಟ್ಟಿದಾಗ ಮಾತ್ರ ಜಾರಲು ಬಿಟ್ಟರು. ನಿಂತ ಕಾಯ ಇಲ್ಲಿ ನಿಜವಾಗಿಯೂ ನಿಲ್ಲುತ್ತದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಈ ಆಯ್ಕೆ ಇದ್ದರೆ ಬೇರೆ ವಿಧಾನ ಹುಡುಕುವ ಮೊದಲು ಇದನ್ನು ಹಾಕಿ ನೋಡಿ. ಸರ್ವೋ ಅಕ್ಷ, ಬಾಲ್ ಸ್ಕ್ರೂ, ರೋಬಾಟಿನ ಕೀಲುಗಳಂಥ ಒಂದೆರಡು ಸಂಪರ್ಕಗಳ ನಿಯಂತ್ರಣಕ್ಕೆ ಡಾಲ್ 1968ರಲ್ಲಿ ಕೊಟ್ಟ ಮಾದರಿಯೂ, ಲುಂಡ್ ಮತ್ತು ಗ್ರೆನೋಬಲ್ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಲುಗ್ರೆ ಮಾದರಿಯೂ ಸೂಕ್ತ. ಜಾರುವ ಮುಂಚಿನ ಸೂಕ್ಷ್ಮ ಸರಿತ, ವೇಗ ಹೆಚ್ಚಿದಂತೆ ಘರ್ಷಣೆ ಇಳಿಯುವ ಸ್ಟ್ರಿಬೆಕ್ ಪರಿಣಾಮ, ಕಚ್ಚಿ ಬಿಟ್ಟು ಸಾಗುವ ನಡೆ ಎಲ್ಲವೂ ಲುಗ್ರೆಯಲ್ಲಿ ಬರುತ್ತವೆ. ಆದರೆ ಅದಕ್ಕೆ ಆರು ಸ್ಥಿರಾಂಕಗಳು ಬೇಕು. ಅವನ್ನು ಪ್ರಯೋಗದಿಂದ ಅಳೆಯಲಾಗದಿದ್ದರೆ ಈ ಮಾದರಿಯ ಗೋಜಿಗೆ ಹೋಗದಿರುವುದು ಒಳ್ಳೆಯದು. ಮಿತಿಯೊಳಗಿನ ಕಂಪಿಸುವ ಬಲಕ್ಕೂ ಅದು ನಿಧಾನವಾಗಿ ಸರಿಯುತ್ತದೆ ಎಂಬುದನ್ನೂ ಮರೆಯಬಾರದು.

ಘಟನೆಯಿಂದ ಘಟನೆಗೆ ಸಾಗುವ ವಿಧಾನ

ಮುಂದಿನ ಮುಟ್ಟುವಿಕೆಯ ಗಳಿಗೆಯನ್ನು ಕರಾರುವಾಕ್ಕಾಗಿ ಹುಡುಕಿ, ಅಲ್ಲಿ ನಿಂತು, ವೇಗಗಳನ್ನು ಬದಲಿಸಿ ಮುಂದೆ ಹೋಗುವ ಈ ವಿಧಾನ ಸಂಪರ್ಕಗಳು ಬೆರಳೆಣಿಕೆಯಷ್ಟಿದ್ದಾಗ ಎಲ್ಲಕ್ಕಿಂತ ನಿಖರ. ಗಡಿಯಾರದ ಚಕ್ರವನ್ನು ಹಲ್ಲು ಹಲ್ಲಾಗಿ ಬಿಡುವ ಎಸ್ಕೇಪ್‌ಮೆಂಟು, ನಡೆಯುವ ರೋಬಾಟಿನ ಸರಳ ಮಾದರಿ, ಬಡಿಯುವ ಪ್ರಿಂಟರಿನ ಸೂಜಿ ಇಂಥವಕ್ಕೆ ಒಪ್ಪುತ್ತದೆ. ಸಂಪರ್ಕ ಹೆಚ್ಚಿದರೆ ಕುಸಿಯುತ್ತದೆ. 1 ಮೀಟರ್ ಎತ್ತರದಿಂದ ಬಿಟ್ಟ ಚೆಂಡು ಪ್ರತಿ ಸಲ ಶೇಕಡಾ 80ರಷ್ಟು ವೇಗದಲ್ಲಿ ಪುಟಿದರೆ ಸುಮಾರು 4.06 ಸೆಕೆಂಡಿನೊಳಗೆ ಅನಂತ ಸಲ ಪುಟಿದು ನಿಲ್ಲುತ್ತದೆ. ಒಂದೊಂದೇ ಘಟನೆಯನ್ನು ಹುಡುಕುತ್ತ ಹೋಗುವ ಪ್ರೋಗ್ರಾಮು ಆ ಗಳಿಗೆಯನ್ನು ದಾಟುವುದೇ ಇಲ್ಲ.

ಪೂರಕತೆಯ ಟೈಮ್ ಸ್ಟೆಪಿಂಗ್

ಬಲ ಮತ್ತು ವೇಗೋತ್ಕರ್ಷದ ಬದಲು ಒಂದು ಟೈಮ್ ಸ್ಟೆಪ್ಪಿನಲ್ಲಿ ಸೇರಿಬರುವ ಒಟ್ಟು ಆವೇಗ ಮತ್ತು ಕೊನೆಯ ವೇಗವನ್ನೇ ಅಜ್ಞಾತಗಳಾಗಿ ಇಟ್ಟುಕೊಳ್ಳುವುದು ಇಲ್ಲಿನ ಮೂಲ ವಿಚಾರ. ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಜೀನ್ ಜಾಕ್ ಮೊರೋ ಕಟ್ಟಿದ ತಳಹದಿಯ ಮೇಲೆ 1996ರಲ್ಲಿ ಸ್ಟುವರ್ಟ್ ಮತ್ತು ಟ್ರಿಂಕಲ್, 1997ರಲ್ಲಿ ಅನಿತೆಸ್ಕು ಮತ್ತು ಪೋತ್ರಾ ಕೊಟ್ಟ ರೂಪಗಳು ಇಂದಿನ ಅನೇಕ ಸಾಫ್ಟ್‌ವೇರುಗಳ ಮೂಲ. ಪೆನ್‌ಲೆವೆ ತೋರಿಸಿದ ಸಿಲುಕಿನಲ್ಲೂ ಆವೇಗದ ಮಟ್ಟದಲ್ಲಿ ಉತ್ತರ ಇದ್ದೇ ಇರುತ್ತದೆ ಎಂಬುದು ಇದರ ಗಟ್ಟಿ ನೆಲೆ. ಒಂದೇ ಸ್ಟೆಪ್ಪಿನಲ್ಲಿ ಎಷ್ಟು ಮುಟ್ಟುವಿಕೆಗಳಾದರೂ ಒಟ್ಟಿಗೆ ಬಿಡಿಸುವುದರಿಂದ ಅನಂತ ಪುಟಿತವೂ ತೊಡಕಲ್ಲ. ಇಳಿಜಾರಿನಲ್ಲಿ ನಿಂತ ತುಂಡು ನಿಂತೇ ಇರುತ್ತದೆ. ಸಡಿಲಗೊಳ್ಳುವುದು ಕಾಲದ ನಿಖರತೆ: ಸ್ಟೆಪ್ಪಿನೊಳಗೆ ಯಾವುದು ಮೊದಲು ತಾಗಿತು ಎಂಬುದು ಕರಗಿಹೋಗುತ್ತದೆ, ಮತ್ತು ಸ್ಟೆಪ್ಪನ್ನು ಅರ್ಧ ಮಾಡಿದರೆ ದೋಷವೂ ಸುಮಾರು ಅರ್ಧವಷ್ಟೇ ಆಗುತ್ತದೆ. ತೂಗುಹಾಕಿದ ಗುಂಡುಗಳ ಸಾಲಿನಲ್ಲಿ ಪೆಟ್ಟು ಒಂದರಿಂದ ಒಂದಕ್ಕೆ ದಾಟಿ ಕೊನೆಯ ಗುಂಡು ಮಾತ್ರ ಹಾರುವುದನ್ನು ಈ ವಿಧಾನದ ಸರಳ ರೂಪ ತೋರಿಸಲಾರದು.

ಹೆಸರು ಒಂದೇ ಆದರೂ ಒಳಗಿನ ಆಯ್ಕೆಗಳಲ್ಲಿ ದೊಡ್ಡ ವ್ಯತ್ಯಾಸಗಳಿವೆ, ಕೊಳ್ಳುವ ಮುನ್ನ ಇವನ್ನು ನೋಡಲೇಬೇಕು. ಕೂಲಂಬ್ ನಿಯಮದ ಮಿತಿ ಎಲ್ಲ ದಿಕ್ಕಿಗೂ ಒಂದೇ ಆದ್ದರಿಂದ ಚಿತ್ರಿಸಿದರೆ ದುಂಡನೆಯ ಶಂಕು. ಲೆಕ್ಕ ಸರಳಗೊಳಿಸಲು ಅದನ್ನು ಒಳಗಿಂದ ತಾಗುವ ನಾಲ್ಕು ಮುಖದ ಪಿರಮಿಡ್ಡಾಗಿ ಮಾಡಿದರೆ ಕರ್ಣದ ದಿಕ್ಕಿನಲ್ಲಿ ಘರ್ಷಣೆ ಸುಮಾರು ಶೇಕಡಾ 29 ಕಡಿಮೆಯಾಗುತ್ತದೆ. ಎರಡು ದಿಕ್ಕಿಗೂ ಬೇರೆ ಬೇರೆ ಮಿತಿ ಹಾಕಿದ ಚೌಕವಾದರೆ ಕರ್ಣದಲ್ಲಿ ಶೇಕಡಾ 41 ಹೆಚ್ಚುತ್ತದೆ. ಎಂಟು ಮುಖ ಮಾಡಿದರೆ ಕೊರತೆ ಶೇಕಡಾ 8ರೊಳಗೆ ಬರುತ್ತದೆ. ವಸ್ತು ಒಂದೇ ಗೆರೆಯಲ್ಲಿ ಜಾರುವಲ್ಲಿ ಇದು ಬಾಧಿಸದು, ತಿರುಗುತ್ತ ಜಾರುವಲ್ಲಿ ದಾರಿಯನ್ನೇ ಓರೆ ಮಾಡುತ್ತದೆ. ಬಿಡಿಸುವ ಕ್ರಮದಲ್ಲೂ ಭೇದವಿದೆ. ಲೆಮ್ಕೆ ಕ್ರಮ ನಿಖರ, ಆದರೆ ಸಂಪರ್ಕಗಳು ಹೆಚ್ಚಿದಂತೆ ಬಹುಬೇಗ ದುಬಾರಿಯಾಗುತ್ತದೆ. ಬುಲೆಟ್‌ನಂಥ ಆಟದ ಎಂಜಿನ್ನುಗಳಿಂದ ಪ್ರಸಿದ್ಧವಾದ, ಸಂಪರ್ಕಗಳನ್ನು ಒಂದೊಂದಾಗಿ ಸುತ್ತು ಸುತ್ತಾಗಿ ಸರಿಪಡಿಸುವ ಗೌಸ್ ಸೈಡೆಲ್ ಬಗೆಯ ಕ್ರಮ ಪ್ರತಿ ಸುತ್ತಿಗೂ ಅಗ್ಗ, ಆದರೆ ಹಗುರ ಭಾಗದ ಮೇಲೆ ಅದರ ಸಾವಿರ ಪಟ್ಟು ತೂಕದ ಭಾಗ ಕೂತಾಗ ಎಷ್ಟು ಸುತ್ತು ಹಾಕಿದರೂ ಉತ್ತರಕ್ಕೆ ತಲುಪುವುದಿಲ್ಲವೆನ್ನುವಷ್ಟು ನಿಧಾನ. ಆಲಾರ್ ಮತ್ತು ಕುರ್ನಿಯೆ 1991ರಲ್ಲಿ ಕೊಟ್ಟ ನ್ಯೂಟನ್ ಬಗೆಯ ಕ್ರಮ ಉತ್ತರದ ಹತ್ತಿರ ಹೋದರೆ ಬಹಳ ಬೇಗ ಮುಗಿಯುತ್ತದೆ, ದೂರದಿಂದ ಹೊರಟರೆ ಕೆಲವೊಮ್ಮೆ ಕೈಕೊಡುತ್ತದೆ.

ಇನ್ನೊಂದು ಜಾಣ ರಾಜಿ ಇದೆ. ಸಮಸ್ಯೆಯನ್ನು ಸ್ವಲ್ಪ ತಿದ್ದಿ, ಒಂದೇ ಕನಿಷ್ಠ ಬಿಂದುವಿರುವ ಪೀನ ಕನಿಷ್ಠೀಕರಣವಾಗಿ ಮಾಡುವುದು. ಕ್ರೋನೊ ಎಂಬ ಬಹುಕಾಯ ಸಾಫ್ಟ್‌ವೇರ್ ಯೋಜನೆಯ ದೊಡ್ಡ ಲೆಕ್ಕಗಳಿಗೆ ಅನಿತೆಸ್ಕು ಮತ್ತು ತಸೋರಾ ಅವರ ಈ ದಾರಿಯೇ ಆಧಾರ. ಇದರ ಬೆಲೆಯನ್ನು ಅಂಕಿಯಲ್ಲೇ ಹೇಳಬಹುದು: ಜಾರುವ ಕಾಯ ನೆಲದಿಂದ ಸ್ವಲ್ಪ ಮೇಲೆ ತೇಲುತ್ತದೆ, ಮತ್ತು ಆ ಅಂತರ ಟೈಮ್ ಸ್ಟೆಪ್, ಘರ್ಷಣಾ ಗುಣಾಂಕ, ಜಾರುವ ವೇಗ ಈ ಮೂರರ ಗುಣಲಬ್ಧದಷ್ಟಿರುತ್ತದೆ. ಸೆಕೆಂಡಿಗೆ 1 ಮೀಟರ್ ವೇಗ, ಗುಣಾಂಕ 0.5, ಸ್ಟೆಪ್ 1 ಮಿಲಿಸೆಕೆಂಡು ಆದರೆ ಅಂತರ ಅರ್ಧ ಮಿ.ಮೀ. ಮರಳಿನಲ್ಲಿ ಓಡುವ ಚಕ್ರಕ್ಕೆ ಇದು ಏನೂ ಅಲ್ಲ, ಸೂಕ್ಷ್ಮ ತೆರವಿನ ಕ್ಯಾಮಿಗೆ ಸ್ವೀಕಾರಾರ್ಹವಲ್ಲ.

ರೋಬಾಟ್ ಕ್ಷೇತ್ರದವರು ಹೆಚ್ಚಾಗಿ ಬಳಸುವ ಮುಜೊಕೊ ಎಂಬ ಸಾಫ್ಟ್‌ವೇರು ಇದೇ ಪೀನ ದಾರಿಯನ್ನು ಮೃದುಗೊಳಿಸಿದ ರೂಪ. 2012ರಲ್ಲಿ ಪ್ರಕಟವಾಗಿ, 2021ರಲ್ಲಿ ಕೃತಕ ಬುದ್ಧಿಮತ್ತೆಯ ಸಂಸ್ಥೆ ಡೀಪ್‌ಮೈಂಡ್ ವಶಕ್ಕೆ ಬಂದು, 2022ರಿಂದ ಮುಕ್ತ ತಂತ್ರಾಂಶವಾಗಿದೆ. ಮೂಲ ಟೈಮ್ ಸ್ಟೆಪ್ಪೇ 2 ಮಿಲಿಸೆಕೆಂಡು, ಲೆಕ್ಕ ಬಹಳ ವೇಗ, ಮತ್ತು ಉತ್ತರ ಯಾವಾಗಲೂ ಒಂದೇ. ಆದರೆ ಘರ್ಷಣೆಯೂ ಮೃದುವಾಗಿರುವುದರಿಂದ ಹಿಡಿಕೆಯಲ್ಲಿನ ವಸ್ತು ನಿಧಾನವಾಗಿ ಕೆಳಕ್ಕೆ ಸರಿಯುತ್ತದೆ. ಪಿರಮಿಡ್ಡನ್ನು ಬಿಟ್ಟು ಶಂಕುವನ್ನು ಆರಿಸಿ ಘರ್ಷಣೆಯನ್ನು ಗಡುಸಾಗಿಸುವ ಇಂಪ್‌ರೇಶಿಯೋ ಮೌಲ್ಯವನ್ನು ಏರಿಸಿದರೆ, ಅಗತ್ಯ ಬಿದ್ದರೆ ಸರಿತವನ್ನು ತಿದ್ದುವ ನೋಸ್ಲಿಪ್ ಸುತ್ತುಗಳನ್ನು ಸೇರಿಸಿದರೆ, ಇದು ಬಹಳ ಮಟ್ಟಿಗೆ ನಿಲ್ಲುತ್ತದೆ. ಹಿಡಿಕೆಯ ಮೆತ್ತೆಯ ಮೇಲೆ ಒತ್ತಡ ಹರಡುವುದೂ ಮುಖ್ಯವಾಗಿದ್ದರೆ ಡ್ರೇಕ್ ಎಂಬ ರೋಬಾಟ್ ಸಾಫ್ಟ್‌ವೇರಿನ, ಬಿಂದುವಿನ ಬದಲು ಮೇಲ್ಮೈಯಲ್ಲಿ ಒತ್ತಡ ಲೆಕ್ಕ ಹಾಕುವ ಹೈಡ್ರೋಇಲಾಸ್ಟಿಕ್ ಸಂಪರ್ಕ ಫೈನೈಟ್ ಎಲಿಮೆಂಟಿಗೂ ಬಿಂದು ಸಂಪರ್ಕಕ್ಕೂ ನಡುವಿನ ಒಳ್ಳೆಯ ದಾರಿ.

ಫೈನೈಟ್ ಎಲಿಮೆಂಟ್

ಒತ್ತಡ, ಸವೆತ, ಬಿರುಕು, ಶಾಖ ಇವುಗಳಲ್ಲಿ ಯಾವುದೊಂದು ಬೇಕೆಂದರೂ ಇದಕ್ಕೆ ಬದಲಿಯಿಲ್ಲ. ಇದರೊಳಗೂ ಪೆನಾಲ್ಟಿ, ಸಂಪರ್ಕ ಬಲವನ್ನೇ ಅಜ್ಞಾತವಾಗಿ ಇಟ್ಟುಕೊಳ್ಳುವ ಲಗ್ರಾಂಜ್ ಗುಣಕ, ಎರಡನ್ನೂ ಬೆಸೆದ ವರ್ಧಿತ ಲಗ್ರಾಂಜ್ ಎಂಬ ದಾರಿಗಳಿವೆ. ಗುಣಕದ ದಾರಿಯಲ್ಲಿ ಒಳನುಸುಳಿಕೆ ಸೊನ್ನೆ, ಅಜ್ಞಾತಗಳು ಹೆಚ್ಚು. ವರ್ಧಿತ ದಾರಿ ಹೆಚ್ಚಿನ ಕೆಲಸಗಳಿಗೆ ಹದವಾದದ್ದು. ಎರಡು ಕಾಯಗಳ ಮೆಷ್‌ಗಳು (ಎಲಿಮೆಂಟುಗಳ ಜಾಲಗಳು) ಒಂದಕ್ಕೊಂದು ಹೊಂದದೆ ದೊಡ್ಡ ಜಾರುವಿಕೆ ಇದ್ದಲ್ಲಿ ನೋಡ್‌ನಿಂದ (ಜಾಲದ ಬಿಂದುವಿನಿಂದ) ಮೇಲ್ಮೈಗೆ ಎಂಬ ಹಳೆಯ ಕ್ರಮಕ್ಕಿಂತ ಸಂಪರ್ಕ ನಿಯಮವನ್ನು ಮೇಲ್ಮೈಯ ಮೇಲೆ ಸರಾಸರಿಯಾಗಿ ಹೇರುವ ಮೋರ್ಟಾರ್ ಕ್ರಮ ಒತ್ತಡವನ್ನು ನಯವಾಗಿ ಕೊಡುತ್ತದೆ. ಘರ್ಷಣೆಯಿಂದ ಸ್ಟಿಫ್‌ನೆಸ್ ಮ್ಯಾಟ್ರಿಕ್ಸು ಅಸಮಮಿತವಾಗುತ್ತದೆ. ಬ್ರೇಕು ಕಿರುಗುಟ್ಟುವುದನ್ನು ಊಹಿಸುವ ಸಂಕೀರ್ಣ ಐಗನ್ ಮೌಲ್ಯದ ವಿಶ್ಲೇಷಣೆ ನಿಂತಿರುವುದೇ ಈ ಅಸಮಮಿತಿಯ ಮೇಲೆ, ಆದ್ದರಿಂದ ವೇಗಕ್ಕಾಗಿ ಸಮಮಿತ ಸಾಲ್ವರನ್ನು ಒತ್ತಾಯದಿಂದ ಬಳಸಬೇಡಿ.

ಗ್ಯಾಸ್ ಟರ್ಬೈನಿನ ಬ್ಲೇಡಿನ ಬುಡದಲ್ಲಿ ಸೂಕ್ಷ್ಮ ಉಜ್ಜಾಟದಿಂದ ಆಗುವ ಫ್ರೆಟಿಂಗ್ ಸವೆತದಂಥ ಕೆಲಸದಲ್ಲಿ ಜಾರುವಿಕೆ ಕೆಲವೇ ಹತ್ತು ಮೈಕ್ರಾನುಗಳಷ್ಟು. ಅಬಾಕಸ್ ಸ್ಟ್ಯಾಂಡರ್ಡ್ ಎಂಬ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರಿನಲ್ಲಿ ಕಚ್ಚಿ ನಿಂತ ಸ್ಥಿತಿಯಲ್ಲಿ ಅನುಮತಿಸುವ ಸ್ಥಿತಿಸ್ಥಾಪಕ ಸರಿತದ ಮೂಲ ಮೌಲ್ಯ ಸಂಪರ್ಕ ಮೇಲ್ಮೈಯ ವಿಶಿಷ್ಟ ಅಳತೆಯ ಶೇಕಡಾ 0.5, ಆ ಅಳತೆ 1 ಮಿ.ಮೀ. ಇದ್ದರೆ ಇದು 5 ಮೈಕ್ರಾನು, ಅಂದರೆ ಹುಡುಕುತ್ತಿರುವ ಉತ್ತರದ ದೊಡ್ಡ ಪಾಲು. ಇಂಥಲ್ಲಿ ಮೂಲ ಮೌಲ್ಯವನ್ನು ಹಾಗೇ ಬಿಟ್ಟರೆ ವಿಶ್ಲೇಷಣೆಯೇ ವ್ಯರ್ಥ. ಡಿಕ್ಕಿ ಮತ್ತು ಶೀಟ್ ಮೆಟಲ್ ಒತ್ತುವ ಕೆಲಸಗಳಿಗೆ ಎಲ್ಎಸ್ ಡೈನಾದಂಥ ಎಕ್ಸ್‌ಪ್ಲಿಸಿಟ್ ಸಾಫ್ಟ್‌ವೇರು (ಈ ಕ್ಷಣದ ಸ್ಥಿತಿಯಿಂದ ಮುಂದಿನದನ್ನು ನೇರವಾಗಿ ಪಡೆಯುವಂಥದು) ಒಪ್ಪುತ್ತದೆ. ಅದರ ಸ್ಟೆಪ್ ಶಬ್ದ ಒಂದು ಎಲಿಮೆಂಟನ್ನು ದಾಟುವ ಕಾಲವನ್ನು ಮೀರುವಂತಿಲ್ಲ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,000 ಮೀಟರ್ ಸಾಗುವುದರಿಂದ 1 ಮಿ.ಮೀ. ಎಲಿಮೆಂಟಿಗೆ ಸ್ಟೆಪ್ 0.2 ಮೈಕ್ರೋಸೆಕೆಂಡು, 0.1 ಸೆಕೆಂಡಿನ ಡಿಕ್ಕಿಗೆ 5 ಲಕ್ಷ ಸ್ಟೆಪ್ಪು. ಹತ್ತು ಸೆಕೆಂಡಿನ ಯಂತ್ರ ಚಲನೆಯನ್ನು ಇದರಲ್ಲಿ ಓಡಿಸುವ ಯೋಚನೆ ಬಿಡಬೇಕು. ಲೈಸೆನ್ಸಿಗೆ ಹಣವಿಲ್ಲದ ಸಣ್ಣ ಕಚೇರಿ ಮತ್ತು ಕಾಲೇಜುಗಳಿಗೆ ಕ್ಯಾಲ್‌ಕ್ಯುಲಿಕ್ಸ್, ಕೋಡ್ ಆಸ್ಟರ್ ಎಂಬ ಉಚಿತ ಸಾಫ್ಟ್‌ವೇರುಗಳಿವೆ. ಎರಡನೆಯದು ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇಡಿಎಫ್ ಬೆಳೆಸಿದ್ದು, ಸಂಪರ್ಕದ ಸೌಲಭ್ಯಗಳಲ್ಲಿ ಗಟ್ಟಿ, ಕಲಿಯಲು ತಾಳ್ಮೆ ಬೇಕು. ರಬ್ಬರು, ಬಟ್ಟೆಯಂಥ ಬಹಳ ಬಾಗುವ ವಸ್ತುಗಳಿಗೆ 2020ರಲ್ಲಿ ಬಂದ ಐಪಿಸಿ (ಇನ್ಕ್ರಿಮೆಂಟಲ್ ಪೊಟೆನ್ಷಿಯಲ್ ಕಾಂಟ್ಯಾಕ್ಟ್) ವಿಧಾನ ಗಮನಾರ್ಹ: ಅಂತರ ಕಿರಿದಾದಂತೆ ಅನಂತಕ್ಕೆ ಏರುವ ತಡೆಯನ್ನು ಹಾಕಿ ಒಳನುಸುಳಿಕೆಯನ್ನು ಪೂರ್ತಿಯಾಗಿ ತಪ್ಪಿಸುತ್ತದೆ, ಆದರೆ ಲೆಕ್ಕ ನಿಧಾನ.

ಯಾರಿಗೆ ಯಾವುದು

ಪೀಣ್ಯದಂಥ ಕಡೆ ಅಸೆಂಬ್ಲಿ ಲೈನಿಗೆ ಬೌಲ್ ಫೀಡರ್ (ಕಂಪಿಸುತ್ತ ಬಿಡಿಭಾಗಗಳನ್ನು ಸಾಲಾಗಿ ಒದಗಿಸುವ ಬಟ್ಟಲು) ಮಾಡುವವರ ಉದಾಹರಣೆಯಲ್ಲಿ ಇಡೀ ತೂಗಾಟ ಕಾಣುತ್ತದೆ. ಸ್ಕ್ರೂಗಳು ಬಟ್ಟಲಿನ ಸುರುಳಿ ದಾರಿಯಲ್ಲಿ ಏರುವುದು ಪ್ರತಿ ಕಂಪನದಲ್ಲೂ ಕಚ್ಚಿ, ಜಾರಿ, ಚಿಮ್ಮಿ ಸಾಗುವುದರಿಂದ; ಘರ್ಷಣೆ ತಪ್ಪಿದರೆ ಸಾಗುವ ವೇಗವೇ ತಪ್ಪು. ಮಿತಿವೇಗದ ಪೆನಾಲ್ಟಿ ಘರ್ಷಣೆ ಇಲ್ಲಿ ಹುಸಿ ಚಲನೆಯನ್ನು ಸೇರಿಸುತ್ತದೆ, ಆದ್ದರಿಂದ ಬೇಡ. 5 ಗ್ರಾಂ ಸ್ಕ್ರೂವಿಗೆ ಮೊದಲು ಹೇಳಿದ ಸ್ಟಿಫ್‌ನೆಸ್ಸಿನಲ್ಲಿ ಸಂಪರ್ಕದ ಅವಧಿ 0.22 ಮಿಲಿಸೆಕೆಂಡು, ಆದ್ದರಿಂದ ಜಾರುವ ದಿಕ್ಕಿನ ಸ್ಪ್ರಿಂಗಿರುವ ಪೆನಾಲ್ಟಿಗೂ ಸ್ಟೆಪ್ 0.01 ಮಿಲಿಸೆಕೆಂಡು ಬೇಕು. ಟೈಮ್ ಸ್ಟೆಪಿಂಗ್ ವಿಧಾನ 1 ಮಿಲಿಸೆಕೆಂಡಿನಲ್ಲಿ ಓಡಬಲ್ಲದು ನಿಜ, ಆದರೆ ಫೀಡರಿನ ಕಂಪನ 100 ಹರ್ಟ್ಜ್ ಇದ್ದರೆ ಒಂದು ಆವರ್ತಕ್ಕೆ ಹತ್ತೇ ಸ್ಟೆಪ್ಪು ಸಿಗುತ್ತವೆ, ಅದನ್ನೂ 0.1ಕ್ಕೆ ಇಳಿಸಲೇಬೇಕು. ಆಗಲೂ ಹತ್ತು ಪಟ್ಟು ಲಾಭ ಉಳಿಯುತ್ತದೆ. ನೂರಾರು ಸ್ಕ್ರೂಗಳಿರುವುದರಿಂದ ನಾನು ಕ್ರೋನೊ ಅಥವಾ ಸಿಕೊನೋಸ್‌ನಂಥ ಉಚಿತ ಸಾಫ್ಟ್‌ವೇರಿನ ಟೈಮ್ ಸ್ಟೆಪಿಂಗನ್ನೇ ಆರಿಸುತ್ತೇನೆ, ಮತ್ತು ಪುಟಿತದ ಗುಣಾಂಕವನ್ನು ಊಹಿಸದೆ ಅಳೆಯಲು ಹೇಳುತ್ತೇನೆ.

ವಾಲ್ವು, ಕ್ಯಾಮು, ಗೇರುಗಳ ಬಡಿತದ ಬಲ ಬೇಕಾದವರಿಗೆ ವಸ್ತುವಿನಿಂದ ಪಡೆದ ಸ್ಟಿಫ್‌ನೆಸ್ಸಿನ ಪೆನಾಲ್ಟಿಯೇ ಸರಿ, ಅಂಥ ಬಹುಕಾಯ ಸಾಫ್ಟ್‌ವೇರು ಈಗಾಗಲೇ ಕೈಯಲ್ಲಿದ್ದರೆ ಹೊಸದನ್ನು ಕೊಳ್ಳಬೇಕಾಗಿಲ್ಲ. ರೋಬಾಟಿಗೆ ಕಲಿಸುವವರು ಮುಜೊಕೊದಿಂದ ಶುರು ಮಾಡಿ, ಹಿಡಿತ ನಿರ್ಣಾಯಕವಾದಲ್ಲಿ ಡ್ರೇಕ್‌ನಲ್ಲಿ ಪರೀಕ್ಷಿಸುವುದು ಒಳ್ಳೆಯದು. ಕಾಳು, ಜಲ್ಲಿ, ಮಾತ್ರೆಗಳ ಹರಿವಿಗೆ ಯೇಡ್ ಅಥವಾ ಲಿಗ್ಗ್‌ಟ್ಸ್ ಸಾಫ್ಟ್‌ವೇರು ಬಳಸುವ ಕಣಗಳ ವಿಧಾನ ಸಾಕು. ಯಂಗ್ ಮಾಪಾಂಕವನ್ನು ನೂರನೇ ಒಂದಕ್ಕೆ ಇಳಿಸಿದರೆ ಲೆಕ್ಕ ಹತ್ತು ಪಟ್ಟು ಬೇಗವಾಗುತ್ತದೆ. ಸಡಿಲ ಹರಿವಿನಲ್ಲಿ ಇದು ಸಾಮಾನ್ಯವಾಗಿ ನಡೆಯುತ್ತದೆ, ಒತ್ತಿ ಗಟ್ಟಿ ಮಾಡುವ ಕೆಲಸದಲ್ಲಿ ನಡೆಯದು. ದುಂಡು ಕಣಗಳಿಂದ ಉದ್ದನೆಯ ಭತ್ತವನ್ನು ತೋರಿಸುವವರು ಉರುಳು ಘರ್ಷಣೆಯನ್ನು ರಾಶಿಯ ಇಳಿಜಾರು ಕೋನಕ್ಕೆ ಹೊಂದಿಸಿಕೊಳ್ಳಬೇಕು.

ಆಯ್ಕೆ ಎರಡಕ್ಕೆ ಇಳಿದ ಮೇಲೆ ಉತ್ತರ ಮೊದಲೇ ಗೊತ್ತಿರುವ ಸಣ್ಣ ಲೆಕ್ಕಗಳಲ್ಲಿ ಎರಡನ್ನೂ ಓಡಿಸಿ ನೋಡಿ. ಇಳಿಜಾರಿನ ತುಂಡನ್ನು ನಿಮ್ಮ ಯಂತ್ರ ಓಡುವಷ್ಟೇ ಕಾಲ ನಿಲ್ಲಿಸಿ ತೆವಳಿದ ದೂರವನ್ನು ಅಳೆಯಿರಿ. ರಾಟೆಗೆ ಅರ್ಧ ಸುತ್ತು ಹಾಕಿದ ಬೆಲ್ಟಿಗೆ ಗುಣಾಂಕ 0.3 ಇದ್ದರೆ, ಜಾರುವ ಅಂಚಿನಲ್ಲಿ ಎರಡು ತುದಿಗಳ ಎಳೆತದ ಅನುಪಾತ 2.57 ಬರಬೇಕು. ಸಮತಟ್ಟು ನೆಲದ ಮೇಲೆ ಒಂದು ತುಂಡನ್ನು ಅಕ್ಷದ ಗುಂಟ ಒಮ್ಮೆ, 45 ಡಿಗ್ರಿಯಲ್ಲಿ ಒಮ್ಮೆ ಒಂದೇ ವೇಗದಿಂದ ನೂಕಿ ನಿಲ್ಲುವ ದೂರಗಳನ್ನು ಹೋಲಿಸಿದರೆ ಪಿರಮಿಡ್ಡಿನ ದೋಷ ಎದ್ದು ಕಾಣುತ್ತದೆ. ಹಗುರ ತುಂಡಿನ ಮೇಲೆ ಸಾವಿರ ಪಟ್ಟು ಭಾರದ ತುಂಡನ್ನಿಟ್ಟು ನೋಡಿದರೆ ಸಾಲ್ವರಿನ ಬಲಾಬಲ ತಿಳಿಯುತ್ತದೆ. ಕೊನೆಯಲ್ಲಿ ನಿಮ್ಮ ನಿಜವಾದ ಮಾದರಿಯನ್ನೇ ಅರ್ಧ ಟೈಮ್ ಸ್ಟೆಪ್ಪಿನಲ್ಲಿ ಮತ್ತೆ ಓಡಿಸಿ. ವರದಿಯಲ್ಲಿ ಕೊಡಲಿರುವ ಅಂಕಿ ಆಗ ಎಷ್ಟು ಬದಲಾಗುತ್ತದೋ ಅಷ್ಟನ್ನು ಆ ಅಂಕಿಯ ಪಕ್ಕದಲ್ಲೇ ಬರೆದುಕೊಡಿ, ಘರ್ಷಣಾ ಗುಣಾಂಕವನ್ನು ಎಲ್ಲಿ, ಹೇಗೆ ಅಳೆದಿರಿ ಎಂಬುದರ ಜೊತೆಗೆ.